ಕಲ್ಲು ಎಬ್ಬಿಸಿದವರ ನಾಡು

ಜಮಖಂಡಿಯಿಂದ ಮುಧೋಳಕ್ಕೋ ಬೀಳಗಿಗೋ ಹೋಗುವ ದಾರಿಯಲ್ಲಿ ಯಾವುದೇ ಹಳೆಯ ಊರಿನ ಅಗಸಿಯನ್ನು ದಾಟಿ ಒಳಗೆ ಹೋದರೆ ಮೊದಲು ಕಣ್ಣಿಗೆ ಬೀಳುವುದು ಕಲ್ಲು. ಅಗಸಿ ಕಲ್ಲಿನದು, ಅದರ ಪಕ್ಕದಲ್ಲಿ ಹಿರಿಯರು ಕೂಡುವ ಕಟ್ಟೆ ಕಲ್ಲಿನದು. ಮನೆಯ ಗೋಡೆ, ಹೊಸ್ತಿಲು, ದನಗಳ ಗೋದಲಿ, ನೀರಿನ ಡೋಣಿ, ಅಡುಗೆಮನೆಯ ಒರಳು, ಕಣದ ಮೂಲೆಯಲ್ಲಿ ಬಿದ್ದಿರುವ ಉರುಳುಗಲ್ಲು ಎಲ್ಲವೂ ಕಲ್ಲಿನವು. ಗುಡಿಯ ಮುಂದೆ ಪೈಲ್ವಾನರು ಎತ್ತುವ ಸಂಗ್ರಾಣಿ ಕಲ್ಲು ಬೇರೆ ಇರುತ್ತದೆ. ಆ ಕಲ್ಲನ್ನು ಎತ್ತಿದವರ ಹೆಸರನ್ನು ಊರಿನವರು ಮೂರು ತಲೆಮಾರಿನವರೆಗೆ ಹೇಳಬಲ್ಲರು. ಅದನ್ನು ಬಂಡೆಯಿಂದ ಬಿಡಿಸಿ, ಗುಂಡಗೆ ಕಡಿದು ತಂದವರು ಯಾರು ಎಂದು ಕೇಳಿದರೆ ಮಾತ್ರ ಉತ್ತರ ಸಿಗುವುದು ಕಷ್ಟ.

ಇಂದಿನ ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ-ಬನಹಟ್ಟಿ ಭಾಗದ ಚರಿತ್ರೆ ಎಂದರೆ ರನ್ನ ಕವಿಯ ಮುಧೋಳ, ಪಟವರ್ಧನರ ಜಮಖಂಡಿ, ಘೋರ್ಪಡೆಯವರ ಬೇಟೆನಾಯಿ, 1857ರ ಹಲಗಲಿಯ ಬೇಡರು, ನೇಕಾರರ ಸೀರೆ ಇವಿಷ್ಟು ಥಟ್ಟನೆ ನೆನಪಿಗೆ ಬರುತ್ತವೆ. ಇವುಗಳ ಕೆಳಗೆ ಇನ್ನೊಂದು ಚರಿತ್ರೆಯಿದೆ. ಅದು ನೆಲವನ್ನು ಅಗೆದು, ಬಂಡೆಯನ್ನು ಸೀಳಿ, ಉಳಿದವರ ಬದುಕಿಗೆ ಗೋಡೆ ಮತ್ತು ಗಿರಣಿ ಒದಗಿಸಿದವರ ಚರಿತ್ರೆ. ಅದನ್ನು ಬರೆದಿಟ್ಟವರು ಕಡಿಮೆ. ಆದರೆ ಓದಲು ಬೇಕಾದ ಗುರುತುಗಳು ಊರೂರಿನಲ್ಲಿವೆ.

ನೆಲ ಹಾಕಿದ ಪಾಯ

ಈ ನಾಲ್ಕು ತಾಲ್ಲೂಕುಗಳ ನೆಲ ಒಂದೇ ಬಗೆಯದಲ್ಲ. ಉತ್ತರ ಮತ್ತು ಪಶ್ಚಿಮಕ್ಕೆ ಕೃಷ್ಣೆಯ ಕಡೆ ಸರಿದಂತೆ ದಖ್ಖನ್ನಿನ ಕಪ್ಪುಶಿಲೆ ಕಾಣಿಸಿಕೊಳ್ಳುತ್ತದೆ. ಇದು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಭೂಮಿಯ ಒಡಲಿನಿಂದ ಉಕ್ಕಿ ಹರಿದ ಲಾವಾರಸ ಹೆಪ್ಪುಗಟ್ಟಿದ್ದು. ದಕ್ಷಿಣಕ್ಕೆ, ಘಟಪ್ರಭೆಯ ಆಸುಪಾಸಿನಲ್ಲಿ, ಅದಕ್ಕಿಂತ ಎಷ್ಟೋ ಪಟ್ಟು ಹಳೆಯದಾದ, ನೂರು ಕೋಟಿ ವರ್ಷಗಳಿಗೂ ಹಿಂದಿನ ಪದರುಶಿಲೆಗಳಿವೆ. ಗುಡ್ಡಗಳ ಸಾಲಿನಲ್ಲಿ ಬೆಣಚುಕಲ್ಲಿನ ಜಾತಿಯ ಗಟ್ಟಿ ಶಿಲೆ, ಲೋಕಾಪುರದ ಕಡೆ ಸುಣ್ಣಕಲ್ಲು ಮತ್ತು ಡೋಲಮೈಟ್. ಭೂವಿಜ್ಞಾನಿಗಳು ಈ ಶಿಲಾಸಮೂಹವನ್ನು 'ಕಲಾದಗಿ' ಎಂದು ಕರೆಯುತ್ತಾರೆ. ಘಟಪ್ರಭೆಯ ದಡದ ಸಣ್ಣ ಊರೊಂದರ ಹೆಸರು ಹೀಗೆ ಭೂವಿಜ್ಞಾನದ ಪುಸ್ತಕಗಳನ್ನು ಸೇರಿದ್ದು ರಾಬರ್ಟ್ ಬ್ರೂಸ್ ಫೂಟ್ ಎಂಬ ಅಧಿಕಾರಿಯಿಂದ. ಭಾರತೀಯ ಭೂವೈಜ್ಞಾನಿಕ ಸಮೀಕ್ಷೆಯಲ್ಲಿದ್ದ ಫೂಟ್ ದಕ್ಷಿಣ ಮರಾಠಾ ಸೀಮೆಯ ಭೂರಚನೆಯ ಮೇಲೆ ಬರೆದ ಗ್ರಂಥ 1876ರಲ್ಲಿ ಪ್ರಕಟವಾಯಿತು.

ಕಪ್ಪುಶಿಲೆ ಸವೆದು ಎರಿ ಮಣ್ಣಾಯಿತು. ಎರಿಯಲ್ಲಿ ಬಿಳಿಜೋಳ ಮತ್ತು ಹತ್ತಿ ಬೆಳೆದವು. ಆದರೆ ಜೋಳಕ್ಕೆ ಒಳ್ಳೆಯದಾದ ಈ ಮಣ್ಣು ಮನೆಗೆ ಒಳ್ಳೆಯದಲ್ಲ. ಮಳೆಗಾಲದಲ್ಲಿ ಅದು ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ. ಅದರ ಮೇಲೆ ಕಟ್ಟಿದ ಗೋಡೆ ನಾಲ್ಕು ಮಳೆಗಾಲ ಕಾಣುವುದರೊಳಗೆ ಸೀಳು ಬಿಡುತ್ತದೆ. ಹೀಗಾಗಿ ಕಲ್ಲು ಹತ್ತಿರ ಸಿಗುವ ಗಟ್ಟಿ ದಿಣ್ಣೆಯೇ ಊರು ಕಟ್ಟಲು ಮೇಲು, ಎರಿಯೇನಿದ್ದರೂ ಹೊಲಕ್ಕೆ. ರೈಲು, ಲಾರಿಗಳು ಬರುವ ಮುಂಚೆ ಕಲ್ಲು ಎತ್ತಿನ ಬಂಡಿ ಹೋದಷ್ಟು ದೂರ ಮಾತ್ರ ಹೋಗಬಲ್ಲದಾಗಿತ್ತು. ಆದ್ದರಿಂದ ಹಳೆಯ ಮನೆಯ ಗೋಡೆಯನ್ನು ನೋಡಿದರೆ ಸಾಕು, ಆ ಊರಿನ ಕಾಲಡಿಯಲ್ಲಿ ಯಾವ ಶಿಲೆಯಿದೆ ಎಂದು ಹೇಳಬಹುದು.

ಮೊದಲ ಕಲ್ಲುಕುಟಿಗರು

ಇಲ್ಲಿ ಕಲ್ಲಿನ ಕೆಲಸ ಮನೆ ಕಟ್ಟುವುದರಿಂದ ಆರಂಭವಾದದ್ದಲ್ಲ. ಬೀಳಗಿ ತಾಲ್ಲೂಕಿನ ಅನಗವಾಡಿ ಘಟಪ್ರಭೆಯ ದಂಡೆಯಲ್ಲಿದೆ. ಅಲ್ಲಿ ನದಿಯ ಹಳೆಯ ಜಲ್ಲಿ ಪದರಗಳಲ್ಲಿ ಆದಿಮಾನವನ ಕೈಗೊಡಲಿಗಳು, ಚಕ್ಕೆಗಳು ಸಿಕ್ಕಿವೆ. ಕಳೆದ ಶತಮಾನದ ಅರವತ್ತು-ಎಪ್ಪತ್ತರ ದಶಕಗಳಲ್ಲಿ ಆರ್.ಎಸ್. ಪಪ್ಪು ಅವರು ಮೇಲಿನ ಕೃಷ್ಣಾ ಕಣಿವೆಯಲ್ಲಿ ನಡೆಸಿದ ಅಧ್ಯಯನದಿಂದ ಪ್ರಾಗಿತಿಹಾಸದ ಭೂಪಟದಲ್ಲಿ ಅನಗವಾಡಿಗೆ ಸ್ಥಾನ ದೊರಕಿತು. ಅಲ್ಲಿನ ಉಪಕರಣಗಳಿಗೆ ಬಳಕೆಯಾದದ್ದು ಕಲಾದಗಿ ಗುಡ್ಡಗಳ ಅದೇ ಗಟ್ಟಿ ಶಿಲೆ. ಯಾವ ಕಲ್ಲು ಹೊಡೆದರೆ ಹೇಗೆ ಸೀಳುತ್ತದೆ, ಯಾವುದರ ಅಂಚು ಹರಿತವಾಗಿ ನಿಲ್ಲುತ್ತದೆ ಎಂಬ ತಿಳಿವಳಿಕೆ ಇಲ್ಲದೆ ಅವುಗಳನ್ನು ಮಾಡಲಾಗದು.

ಕೃಷ್ಣೆಯ ಕೆಳಗಿನ ಸೀಮೆಯಲ್ಲಿ, ಇಂದಿನ ಯಾದಗಿರಿ ಜಿಲ್ಲೆಯ ಇಸಾಂಪುರದಲ್ಲಿ, ಕೆ. ಪದ್ದಯ್ಯ ಅವರ ತಂಡ ಆದಿಮಾನವನ ಕಲ್ಲುಗಣಿಯನ್ನೇ ಬೆಳಕಿಗೆ ತಂದಿತು. ಸುಣ್ಣಕಲ್ಲಿನ ಹಾಸುಗಳನ್ನು ಎಬ್ಬಿಸಿ ಅಲ್ಲಿಯೇ ಉಪಕರಣ ಮಾಡಿದ ಈ ತಾಣದ ಕಾಲ ಸುಮಾರು 12 ಲಕ್ಷ ವರ್ಷಗಳಷ್ಟು ಹಿಂದಿನದು ಎಂದು ಅಲ್ಲಿ ಸಿಕ್ಕ ಪ್ರಾಣಿಗಳ ಹಲ್ಲುಗಳ ಪರೀಕ್ಷೆ ಸೂಚಿಸಿದೆ. ಕೃಷ್ಣಾ ಕಣಿವೆಯಲ್ಲಿ ಬೇಸಾಯಕ್ಕಿಂತ, ನೇಯ್ಗೆಗಿಂತ, ಅರಸೊತ್ತಿಗೆಗಿಂತ ಹಳೆಯದಾದ ಕಸುಬು ಇದು.

ಗೋಡೆ, ಬೀಸುಗಲ್ಲು, ಕಣ

ಈ ಸೀಮೆಯ ಹಳೆಯ ಮಾಳಿಗೆ ಮನೆಯನ್ನು ಬಿಸಿಲಿಗೆ ಉತ್ತರವಾಗಿ ಕಟ್ಟಿದ್ದು ಎನ್ನಬಹುದು. ಕಲ್ಲು ಮತ್ತು ಕೆಸರಿನ ದಪ್ಪ ಗೋಡೆ, ಮೇಲೆ ಮರದ ತೊಲೆ-ಜಂತಿ, ಅದರ ಮೇಲೆ ಕರಲು ಮಣ್ಣಿನ ಹೊದಿಕೆ. ಬೆಳಕಿಗೆ ಮಾಳಿಗೆಯಲ್ಲೊಂದು ಬೆಳಕಿಂಡಿ. ಹಗಲಿನ ಉರಿಯನ್ನು ಗೋಡೆ ಹೀರಿಕೊಳ್ಳುತ್ತದೆ, ಒಳಗೆ ತಂಪು ಉಳಿಯುತ್ತದೆ. ತಲೆಬಾಗಿಲು ದಾಟಿದ ಕೂಡಲೇ ದನ ಕಟ್ಟುವ ಜಾಗ, ಅದಕ್ಕಿಂತ ಒಂದು ಮೆಟ್ಟಿಲು ಮೇಲೆ ಮನುಷ್ಯರು ಕೂಡುವ ಪಡಸಾಲೆ. ಜೋಳ ತುಂಬಿಡಲು ನೆಲದೊಳಗೆ ಅಗೆದ ಹಗೇವು, ಅದರ ಬಾಯಿಗೆ ಮುಚ್ಚಲು ಕಲ್ಲಿನ ಚಪ್ಪಡಿ. ಬರ ಬಂದ ವರ್ಷ ಮನೆತನ ಉಳಿಯುವುದೋ ಗುಳೆ ಹೋಗುವುದೋ ಎಂಬುದು ಆ ಚಪ್ಪಡಿಯ ಕೆಳಗೆ ಎಷ್ಟು ಧಾನ್ಯವಿದೆ ಎಂಬುದರ ಮೇಲೆ ನಿಂತಿತ್ತು.

ಹೆಂಗಸರ ದಿನ ಕಲ್ಲಿನ ಸದ್ದಿನೊಂದಿಗೇ ಆರಂಭವಾಗುತ್ತಿತ್ತು. ಹಿಟ್ಟಿನ ಗಿರಣಿಗಳು ಬರುವ ತನಕ ಬೆಳಗಿನ ಜಾವ ಬೀಸುವುದು ಪ್ರತಿ ಮನೆಯ ಕೆಲಸ. ಇಬ್ಬರು ಎದುರುಬದುರು ಕುಳಿತು ಗೂಟ ಹಿಡಿದು ತಿರುಗಿಸಿದರೆ ಮಾತ್ರ ದೊಡ್ಡ ಸಂಸಾರದ ರೊಟ್ಟಿಗೆ ಸಾಕಾಗುವಷ್ಟು ಹಿಟ್ಟು ಬೀಳುತ್ತಿತ್ತು. ಬೀಸುವ ಪದಗಳೆಂಬ ದೊಡ್ಡ ಹಾಡುಗಬ್ಬದ ರಾಶಿ ಹುಟ್ಟಿದ್ದು ಈ ದುಡಿಮೆಯಲ್ಲಿ. ಬೀಸುವ ಕಲ್ಲಿಗೆ ಎಲ್ಲ ಶಿಲೆಯೂ ಆಗದು. ಸುಣ್ಣಕಲ್ಲು ಬೇಗ ನುಣುಪಾಗಿ ಸವೆಯುತ್ತದೆ, ಅದರ ಪುಡಿ ಹಿಟ್ಟಿನಲ್ಲಿ ಸೇರುತ್ತದೆ. ಗಡಸು ಮೈಯ, ಸಣ್ಣ ಕಣದ ಕಲ್ಲೇ ಬೇಕು. ಅದೂ ಬೀಸಿ ಬೀಸಿ ನುಣುಪಾದಾಗ ಉಳಿಯಿಂದ ಮತ್ತೆ ಕಚ್ಚು ಹೊಡೆಯಬೇಕು. ಆ ಕೆಲಸಕ್ಕೆ ಓಣಿ ಓಣಿಯಲ್ಲಿ ಕೂಗುತ್ತ ಬರುತ್ತಿದ್ದವರು ಕಲ್ಲುಕಸುಬಿನ ಹೆಂಗಸರು, ಗಂಡಸರು. ಕೂಲಿಯೆಂದರೆ ಬಹಳ ಸಲ ಒಂದಿಷ್ಟು ಜೋಳ.

ಸುಗ್ಗಿಯಲ್ಲಿ ಕಣಕ್ಕೆ ಕಲ್ಲು ಬೇಕು. ಎತ್ತುಗಳು ಮೇಟಿಯ ಸುತ್ತ ಉರುಳುಗಲ್ಲು ಎಳೆದು ತೆನೆಯಿಂದ ಕಾಳು ಬಿಡಿಸುತ್ತಿದ್ದವು. ಜಾತ್ರೆಯಲ್ಲೂ ಕಲ್ಲು ಬೇಕು. ಎತ್ತುಗಳು ಭಾರದ ಕಲ್ಲು ಜಗ್ಗುವ ಪಂದ್ಯ, ಪೈಲ್ವಾನರ ಸಂಗ್ರಾಣಿ ಕಲ್ಲಿನ ಪಂದ್ಯ ಈ ಭಾಗದಲ್ಲಿ ಇಂದಿಗೂ ಜನ ಸೇರಿಸುತ್ತವೆ. ರಬಕವಿ-ಬನಹಟ್ಟಿಯ ನೇಕಾರನ ಕಸುಬು ಕಲ್ಲಿನದಲ್ಲವಾದರೂ ಅವನೂ ನೆಲ ಅಗೆದೇ ದುಡಿದವನು. ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂಡಲು ಮನೆಯ ನೆಲದಲ್ಲಿ ಗುಂಡಿ ತೆಗೆಯಬೇಕು. ಮಗ್ಗದ ಸದ್ದು ಮತ್ತು ಉಳಿಯ ಸದ್ದು ಈ ಸೀಮೆಯ ಎರಡು ಹಳೆಯ ತಾಳಗಳು.

ಉಳಿ, ಬೆಣೆ ಮತ್ತು ಕಿವಿ

ಬಂಡೆಯಿಂದ ಕಲ್ಲು ಎಬ್ಬಿಸುವ ಕೆಲಸ ಬಹುಪಾಲು ವಡ್ಡರದು. ಇಂದು ಭೋವಿ ಎಂದೂ ಕರೆಯಿಸಿಕೊಳ್ಳುವ, ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿರುವ ಈ ಸಮುದಾಯದಲ್ಲಿ ಕಸುಬಿಗೆ ತಕ್ಕಂತೆ ಕಲ್ಲು ವಡ್ಡರು, ಮಣ್ಣು ವಡ್ಡರು, ಬಂಡಿ ವಡ್ಡರು ಎಂಬ ಪಂಗಡಗಳಿದ್ದವು. ಕಲ್ಲು ವಡ್ಡರು ಬಂಡೆ ಸೀಳುವವರು, ಮಣ್ಣು ವಡ್ಡರು ಕೆರೆ-ಬಾವಿ ಅಗೆಯುವವರು, ಬಂಡಿ ವಡ್ಡರು ಗಿಡ್ಡ ಬಂಡಿಗಳಲ್ಲಿ ಕಲ್ಲು ಸಾಗಿಸುವವರು.

ಬಂಡೆ ಸೀಳುವುದು ಬರೀ ತೋಳಬಲದ ಕೆಲಸವಲ್ಲ. ಪ್ರತಿ ಕಲ್ಲಿಗೂ ಅದರದೇ ಎಳೆಯಿದೆ. ಅನುಭವಸ್ಥನು ಸುತ್ತಿಗೆಯಿಂದ ಬಡಿದು ಸದ್ದು ಕೇಳುತ್ತಾನೆ. ಗಣಗಣ ಎಂದರೆ ಕಲ್ಲು ಇಡಿಯಾಗಿದೆ, ಬೋಳು ಸದ್ದು ಬಂದರೆ ಒಳಗೆ ಬಿರುಕಿದೆ. ಎಳೆ ಗುರುತಿಸಿದ ಮೇಲೆ ಅದರ ಗುಂಟ ಉಳಿಯಿಂದ ಗೇಣಿಗೊಂದರಂತೆ ಕುಳಿ ತೋಡಿ, ಕಬ್ಬಿಣದ ಬೆಣೆಗಳನ್ನಿಟ್ಟು, ಒಂದಾದ ಮೇಲೊಂದಕ್ಕೆ ಸರದಿಯಂತೆ ಏಟು ಹಾಕಬೇಕು. ಒಂದೇ ಬೆಣೆಗೆ ಜೋರು ಮಾಡಿದರೆ ಕಲ್ಲು ಅಡ್ಡಾದಿಡ್ಡಿ ಒಡೆಯುತ್ತದೆ. ಸಮನಾಗಿ ಹೊಡೆದರೆ ಸ್ವಲ್ಪ ಹೊತ್ತಿನ ಮೇಲೆ ಸಣ್ಣ ಸದ್ದಿನೊಂದಿಗೆ ಗೆರೆ ಎಳೆದಂತೆ ಸೀಳು ಓಡುತ್ತದೆ. ಹಾಸುಬಂಡೆಯಾದರೆ ಅದರ ಮೇಲೆ ಬೆಂಕಿ ಹಾಕಿ ಕಾಯಿಸಿ, ಮೇಲಿನ ಪದರು ಬಿಟ್ಟು ಏಳುವಂತೆ ಮಾಡುವುದೂ ದಕ್ಷಿಣ ಭಾರತದ ಹಳೆಯ ವಿಧಾನ. ಎದ್ದ ಕಲ್ಲನ್ನು ಹಾರೆಯಿಂದ ಮೀಟಿ ಬಂಡಿಗೇರಿಸಬೇಕು. ಮೊಂಡಾದ ಉಳಿಗಳನ್ನು ಕುಲುಮೆಯಲ್ಲಿ ಕಾಯಿಸಿ ಮತ್ತೆ ಮೊನೆ ಮಾಡಬೇಕು.

ಇಷ್ಟು ಬೇಕಾದವರಾಗಿದ್ದರೂ ಇವರು ಊರಿನ ಲೆಕ್ಕದ ಹೊರಗಿದ್ದವರು. ಬಡಿಗ, ಕಮ್ಮಾರ, ಕುಂಬಾರ ಮೊದಲಾದ ಆಯಗಾರರಿಗೆ ಸುಗ್ಗಿಯಲ್ಲಿ ಕಣದಿಂದಲೇ ಕಾಳಿನ ಪಾಲು ಸಲ್ಲುತ್ತಿತ್ತು. ಹನ್ನೆರಡು ಆಯಗಾರರ ಪಟ್ಟಿಗಳಲ್ಲಿ ಸಾಮಾನ್ಯವಾಗಿ ಕಲ್ಲು ವಡ್ಡರ ಹೆಸರಿಲ್ಲ. ಕೆಲಸ ಇದ್ದಲ್ಲಿಗೆ ಕತ್ತೆ, ಗುಡಿಸಲಿನ ಸಾಮಾನಿನೊಂದಿಗೆ ಬಂದು, ಕಲ್ಲಿನ ಅಳತೆಗೆ ಇಷ್ಟೆಂದು ಗುತ್ತಿಗೆ ಹಿಡಿದು, ಕೆಲಸ ಮುಗಿದ ಮೇಲೆ ಮುಂದಿನ ಊರಿಗೆ ಹೋಗುವವರು ಇವರು. ಹೊಲವಿಲ್ಲ, ಪಾಲಿಲ್ಲ, ಹೀಗಾಗಿ ದಫ್ತರದಲ್ಲಿ ಹೆಸರೂ ಇಲ್ಲ. ಅವರ ಹೆಸರು ಉಳಿಯದೆ ಹೋದದ್ದಕ್ಕೆ ಮುಖ್ಯ ಕಾರಣ ಇದೇ.

ವಡ್ಡರು ತಮ್ಮ ಗುರುವೆಂದು ನಂಬುವುದು 12ನೆಯ ಶತಮಾನದ ಸೊನ್ನಲಿಗೆಯ ಸಿದ್ಧರಾಮನನ್ನು. ಕೆರೆ ಕಟ್ಟಿಸುವುದನ್ನೇ ಧರ್ಮವೆಂದು ತಿಳಿದಿದ್ದ ಸಿದ್ಧರಾಮನನ್ನು ಅಲ್ಲಮಪ್ರಭು 'ಒಡ್ಡ'ನೆಂದು ಕೆಣಕಿದ, ಕೆರಳಿದ ಕೆಲಸಗಾರರು ಅಲ್ಲಮನ ಮೇಲೆ ಕಲ್ಲು ಬೀರಿದರು ಎಂಬ ಪ್ರಸಂಗ ಶೂನ್ಯಸಂಪಾದನೆಯಲ್ಲಿ ಬರುತ್ತದೆ. ಮೂದಲಿಕೆಯಾಗಿ ಬಂದ ಮಾತನ್ನೇ ಈ ಸಮುದಾಯ ಹೆಮ್ಮೆಯ ನಂಟಾಗಿ ಮಾಡಿಕೊಂಡಿತು.

ಹೆಸರು ಉಳಿದದ್ದು ಎಲ್ಲಿ?

ರಬಕವಿ-ಬನಹಟ್ಟಿಗೆ ಸಮೀಪದ ತೇರದಾಳದಲ್ಲಿ ಅದೇ ಅಲ್ಲಮಪ್ರಭುವಿನ ಗುಡಿಯಿದೆ, 12ನೆಯ ಶತಮಾನದ ನೇಮಿನಾಥ ಬಸದಿಯೂ ಇದೆ. ಬಸದಿಯನ್ನು ಕಟ್ಟಿಸಿದವನು ಮಾಂಡಲಿಕ ಗೊಂಕ. 1123ರ ಕಾಲದ ಶಾಸನ ಅವನ ಹೆಸರನ್ನು ಇಂದಿಗೂ ಹೇಳುತ್ತದೆ. ಆ ಕಂಬಗಳಿಗೆ ಕಲ್ಲು ಎಬ್ಬಿಸಿ ತಂದವರ ನೆನಪು ಊರಿನಲ್ಲಿಲ್ಲ.

ಇದಕ್ಕೆ ಅಪರೂಪದ ಅಪವಾದ ಇದೇ ಜಿಲ್ಲೆಯ ಬಾದಾಮಿ ಸೀಮೆಯಲ್ಲಿದೆ. ಪಟ್ಟದಕಲ್ಲಿನಲ್ಲಿ 8ನೆಯ ಶತಮಾನದಲ್ಲಿ ರಾಣಿ ಲೋಕಮಹಾದೇವಿ ಕಟ್ಟಿಸಿದ ವಿರೂಪಾಕ್ಷ ಗುಡಿಯ ಸೂತ್ರಧಾರಿ ಗುಂಡ ಅನಿವಾರಿತಾಚಾರಿಯ ಹೆಸರು ಶಾಸನದಲ್ಲಿರುವುದು ಅನೇಕರಿಗೆ ಗೊತ್ತು. ಅಷ್ಟಾಗಿ ಗೊತ್ತಿಲ್ಲದ್ದು, ಅಲ್ಲಿಗೆ ಸಮೀಪದ ಶಂಕರಲಿಂಗನಗುಂಡು ಎಂಬಲ್ಲಿ ಚಾಲುಕ್ಯರ ಕಾಲದ ಕಲ್ಲುಗಣಿಯೇ ಉಳಿದಿದೆ ಎಂಬ ಸಂಗತಿ. ಬಂಡೆಯ ಮೇಲೆ ಬೆಣೆಗೆಂದು ತೋಡಿದ ಕುಳಿಗಳ ಸಾಲಿದೆ. ಪಕ್ಕದಲ್ಲಿ ಕುಶಲಕರ್ಮಿಗಳು ತಮ್ಮ ಹೆಸರುಗಳನ್ನು ಕೊರೆದಿದ್ದಾರೆ. ಅರಸನ ಅಪ್ಪಣೆಯಿಂದ ಬರೆದವಲ್ಲ ಅವು. ಕೆಲಸದ ನಡುವೆ, ಕೈಯಲ್ಲಿದ್ದ ಉಳಿಯಿಂದ, 'ಇಲ್ಲಿ ನಾನಿದ್ದೆ' ಎಂಬಂತೆ ಬರೆದವು.

ಬರದ ವರ್ಷ ಒಡೆದ ಕಲ್ಲು

ಫೂಟ್ ಅವರ ಗ್ರಂಥ ಹೊರಬಂದ 1876ರಲ್ಲಿಯೇ ಈ ಸೀಮೆಗೆ ಮಳೆ ಕೈಕೊಟ್ಟಿತು. ಹಿರಿಯರು ಧಾತು ಸಂವತ್ಸರದ ಬರವೆಂದು ನೆನೆಯುವ ಆ ಕ್ಷಾಮ ಎರಡು ವರ್ಷ ಕಾಡಿತು. ಆಗ ಬೀಳಗಿ ಬ್ರಿಟಿಷರ ಕಲಾದಗಿ ಜಿಲ್ಲೆಗೆ ಸೇರಿತ್ತು. ಮುಂಬಯಿ ಪ್ರಾಂತದಲ್ಲಿಯೇ ಅತಿ ಹೆಚ್ಚು ನಲುಗಿದ ಜಿಲ್ಲೆಗಳಲ್ಲಿ ಅದು ಒಂದು. 1872ರ ಜನಗಣತಿಯಲ್ಲಿ ಸುಮಾರು 8.16 ಲಕ್ಷವಿದ್ದ ಅದರ ಜನಸಂಖ್ಯೆ 1881ರ ವೇಳೆಗೆ ಸುಮಾರು 6.38 ಲಕ್ಷಕ್ಕೆ ಇಳಿದಿತ್ತು. ಐವರಲ್ಲಿ ಒಬ್ಬರಿಗಿಂತ ಹೆಚ್ಚು ಜನರ ಕೊರತೆ ಅದು. ಕೆಲವರು ಸತ್ತರು, ಕೆಲವರು ಗುಳೆ ಹೋದವರು ಮರಳಲಿಲ್ಲ.

ಸರ್ಕಾರ ತೆರೆದ ಪರಿಹಾರ ಕಾಮಗಾರಿಗಳಲ್ಲಿ ದೊರೆತ ಕೆಲಸವೆಂದರೆ ಮಣ್ಣು ಹೊರುವುದು, ರಸ್ತೆಗೆ ಖಡಿ ಒಡೆಯುವುದು. ಅದುವರೆಗೆ ಸುತ್ತಿಗೆ ಹಿಡಿಯದಿದ್ದ ಒಕ್ಕಲಿಗರು, ನೇಕಾರರು, ಹೆಂಗಸರು ಬಿಸಿಲಿನಲ್ಲಿ ಕುಳಿತು ಕಲ್ಲು ಒಡೆದರು. 1877ರ ಆರಂಭದಲ್ಲಿ ರಿಚರ್ಡ್ ಟೆಂಪಲ್ ಅವರ ಸಲಹೆಯಂತೆ ಕೂಲಿಯನ್ನು ಇಳಿಸಲಾಯಿತು. ದಿನವಿಡೀ ದುಡಿದ ಆಳಿಗೆ ಒಂದು ಪೌಂಡ್, ಎಂದರೆ ಅರ್ಧ ಕಿಲೋಗಿಂತ ಕಡಿಮೆ ಧಾನ್ಯದ ಬೆಲೆ, ಮೇಲೆ ಒಂದಿಷ್ಟು ಬಿಡಿಗಾಸು. ಇದನ್ನು ಪುಣೆಯ ಸಾರ್ವಜನಿಕ ಸಭೆ ಪ್ರತಿಭಟಿಸಿತು. ಮುಂಬಯಿ ಪ್ರಾಂತದ ಹಲವೆಡೆ ಜನ ಕೆಲಸವನ್ನೇ ಬಿಟ್ಟು ನಡೆದರು. ಕಲ್ಲು ಒಡೆಯುವುದಕ್ಕೆ ಎಷ್ಟು ಅನ್ನ ಬೇಕು ಎಂಬ ಪ್ರಶ್ನೆ ಹೀಗೆ ಸರ್ಕಾರದ ಕಡತ ಸೇರಿದ್ದು, ಆ ಕೆಲಸ ಉಳಿದವರ ಪಾಲಿಗೂ ಬಂದಾಗ.

ಗಡಿಗಲ್ಲುಗಳು

ಇಂದಿನ ನಾಲ್ಕು ತಾಲ್ಲೂಕುಗಳು ಅಂದು ನಾಲ್ಕು ಆಡಳಿತಗಳ ಕೈಯಲ್ಲಿದ್ದವು. ಜಮಖಂಡಿ ಪಟವರ್ಧನರದು, ಮುಧೋಳ ಘೋರ್ಪಡೆಯವರದು, ಬೀಳಗಿ ಬ್ರಿಟಿಷರದು. ಇಂದು ಒಂದೇ ನಗರಸಭೆಯಾಗಿರುವ ರಬಕವಿ ಮತ್ತು ಬನಹಟ್ಟಿಗಳಲ್ಲಿ ರಬಕವಿ ಸಾಂಗಲಿ ಸಂಸ್ಥಾನಕ್ಕೂ ಬನಹಟ್ಟಿ ಜಮಖಂಡಿ ಸಂಸ್ಥಾನಕ್ಕೂ ಸೇರಿದ್ದವು. ಪಕ್ಕದ ಮಹಾಲಿಂಗಪುರ ಮುಧೋಳದ್ದು. ಸಂತೆಗೆ ಹೋಗುವವನು ಅರ್ಧ ದಿನದಲ್ಲಿ ಮೂರು ಸಂಸ್ಥಾನಗಳ ಗಡಿಗಲ್ಲು ದಾಟಬಹುದಾಗಿತ್ತು. 1948ರ ಮಾರ್ಚ್ 8ರಂದು ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದವು, 1956ರಲ್ಲಿ ಈ ಸೀಮೆ ಮೈಸೂರು ರಾಜ್ಯಕ್ಕೆ ಬಂತು, 1997ರಲ್ಲಿ ಬಾಗಲಕೋಟೆ ಜಿಲ್ಲೆಯಾಯಿತು. ಆಡಳಿತಗಳು ಬದಲಾದರೂ ಅರಮನೆಗೆ, ಕಚೇರಿಗೆ, ಶಾಲೆಗೆ, ಸೇತುವೆಗೆ ಕಲ್ಲು ಎಬ್ಬಿಸುವವರು ಬದಲಾಗಲಿಲ್ಲ.

ಮದ್ದು, ಯಂತ್ರ, ದೂಳು

ಕಾಲಕ್ರಮದಲ್ಲಿ ಬೆಣೆಯ ಜಾಗಕ್ಕೆ ಸಿಡಿಮದ್ದು ಬಂತು, ಆಮೇಲೆ ಟ್ರ್ಯಾಕ್ಟರಿಗೆ ಜೋಡಿಸಿದ ಕಂಪ್ರೆಸರ್, ಖಡಿ ಯಂತ್ರ. ಎಂಟು ದಿನದ ಕೆಲಸ ಒಂದು ಗಳಿಗೆಗೆ ಇಳಿಯಿತು. ಲೆಕ್ಕ ಬ್ರಾಸಿನಲ್ಲಿ, ಲಾರಿಯಲ್ಲಿ. ಸುಣ್ಣಕಲ್ಲಿನ ನಾಡಾದ ಮುಧೋಳ ತಾಲ್ಲೂಕಿನ ಮುದ್ದಾಪುರದಲ್ಲಿ 2009ರಲ್ಲಿ ದೊಡ್ಡ ಸಿಮೆಂಟ್ ಕಾರ್ಖಾನೆ ಶುರುವಾಯಿತು. ಕಟ್ಟಡದ ಕಲ್ಲು ಕಾನೂನಿನ ಪ್ರಕಾರ ಉಪಖನಿಜ. 1994ರ ಕರ್ನಾಟಕ ಉಪಖನಿಜ ರಿಯಾಯಿತಿ ನಿಯಮಗಳ ಅಡಿಯಲ್ಲಿ ಅದನ್ನು ತೆಗೆಯಲು ಗುತ್ತಿಗೆ ಅಥವಾ ಪರವಾನಗಿ ಬೇಕು. ಹಣ, ಯಂತ್ರ, ಕಾಗದಪತ್ರ ಇದ್ದವನು ಗಣಿಯ ಒಡೆಯನಾದ, ತಲೆಮಾರುಗಳಿಂದ ಬಂಡೆಯ ಎಳೆ ಬಲ್ಲವನು ಅಲ್ಲಿನ ಕೂಲಿಯಾದ.

ಯಂತ್ರದೊಂದಿಗೆ ದೂಳೂ ಹೆಚ್ಚಿತು. ಬೆಣಚು ಬೆರೆತ ಕಲ್ಲಿನ ಸಣ್ಣ ದೂಳು ಎದೆಗೂಡು ಸೇರಿದರೆ ಬರುವ ಸಿಲಿಕೋಸಿಸ್ ರೋಗಕ್ಕೆ ಇಂದಿಗೂ ಪೂರ್ತಿ ವಾಸಿ ಮಾಡುವ ಔಷಧವಿಲ್ಲ. ಅದನ್ನು ತಡೆಯಬಹುದು ಮಾತ್ರ. ಕೊರೆಯುವಾಗ ನೀರು ಹಾಯಿಸುವುದು, ಮುಖಕ್ಕೆ ಸರಿಯಾದ ಮುಸುಕು, ಕಾಲಕಾಲಕ್ಕೆ ಎದೆಯ ಪರೀಕ್ಷೆ, ಇಷ್ಟೇ ಅದಕ್ಕೆ ದಾರಿ.

ನೀರಿನಡಿಯ ಗೋಡೆಗಳು

1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿ ಅವರು ಅಡಿಗಲ್ಲು ಇಟ್ಟ ಆಲಮಟ್ಟಿ ಜಲಾಶಯ ಶತಮಾನದ ಕೊನೆಯ ಹೊತ್ತಿಗೆ ತುಂಬತೊಡಗಿತು. 519.6 ಮೀಟರ್ ಮಟ್ಟಕ್ಕೆ ನೀರು ನಿಂತಾಗ ಕೃಷ್ಣೆ, ಘಟಪ್ರಭೆಗಳ ದಂಡೆಯ ನೂರಕ್ಕೂ ಹೆಚ್ಚು ಹಳ್ಳಿಗಳು ಅದರ ಹೊಡೆತಕ್ಕೆ ಸಿಕ್ಕವು. ಬೀಳಗಿ ಸೀಮೆ ಬಹಳವಾಗಿ ಕಳೆದುಕೊಂಡಿತು. ಮನೆ ಬಿಡುವ ದಿನ ಬಂದಾಗ ಜನ ಬಾಗಿಲು, ತೊಲೆ, ಗೋಡೆಯ ಒಳ್ಳೆಯ ಕಲ್ಲುಗಳನ್ನು ಕಿತ್ತು ಬಂಡಿಗೆ, ಟ್ರ್ಯಾಕ್ಟರಿಗೆ ಹೇರಿಕೊಂಡು ಪುನರ್ವಸತಿ ಕೇಂದ್ರಗಳ ದಾರಿ ಹಿಡಿದರು. ಅಜ್ಜನ ಕಾಲದಲ್ಲಿ ವಡ್ಡರು ಎಬ್ಬಿಸಿದ ಕಲ್ಲು ಹೀಗೆ ಎರಡನೆಯ ಸಲ ಎದ್ದಿತು. ಹೊತ್ತೊಯ್ಯಲಾಗದ ಹಗೇವು, ಕಟ್ಟೆಗಳು ನೀರಿನಡಿಗೆ ಹೋದವು. ಕೃಷ್ಣಾ ಎರಡನೆಯ ನ್ಯಾಯಮಂಡಳಿ 2010ರಲ್ಲಿ ಜಲಾಶಯದ ಮಟ್ಟವನ್ನು 524.256 ಮೀಟರಿಗೆ ಏರಿಸಲು ಒಪ್ಪಿಗೆ ಕೊಟ್ಟಿರುವುದರಿಂದ ಇನ್ನೂ ಹಲವು ಊರುಗಳ ಗೋಡೆಗಳು ಸರದಿಯಲ್ಲಿವೆ.

ನೀರು ಬಾರದ ಊರುಗಳಲ್ಲೂ ಮಾಳಿಗೆ ಮನೆ ಕೆಡವಿ ಕಾಂಕ್ರೀಟ್ ಮನೆ ಕಟ್ಟುವುದು ನಡೆದಿದೆ. ಅದನ್ನು ತಪ್ಪೆನ್ನಲಾಗದು. ಮಳೆಗಾಲದಲ್ಲಿ ಸೋರುವ ಮಾಳಿಗೆಯ ಕೆಳಗೆ ಮಲಗಿದವರಿಗೇ ಅದರ ಕಷ್ಟ ಗೊತ್ತು, ಬೀಸುವ ಕಲ್ಲು ತಿರುಗಿಸಿದ ಕೈಗೇ ಗಿರಣಿಯ ಬೆಲೆ ಗೊತ್ತು. ಆದರೆ ಗೋಡೆ ಬೀಳುವಾಗ ಅದರೊಂದಿಗೆ ಹೋಗುವುದು ಕಲ್ಲಷ್ಟೇ ಅಲ್ಲ. ಹೆಸರು ಬರೆಯದ ಜನ ಬಿಟ್ಟುಹೋದ ಒಂದೇ ಬರಹ ಆ ಕಲ್ಲಿನ ಅಂಚಿನಲ್ಲಿರುವ ಬೆಣೆಕುಳಿಯ ಅರ್ಧ ಗುರುತು. ಕೆಡವುವ ಮುಂಚೆ ಗೋಡೆಯ ಪಟವೊಂದನ್ನು ತೆಗೆದಿಡುವುದು, ಕಲ್ಲು ಯಾವ ಗುಡ್ಡದಿಂದ ಬಂತು, ಯಾವ ಮನೆತನದ ವಡ್ಡರು ತಂದರು ಎಂದು ಇನ್ನೂ ಬದುಕಿರುವ ಹಿರಿಯರನ್ನು ಕೇಳಿ ಬರೆದಿಡುವುದು ಊರಿನ ಶಾಲೆಯ ಮಕ್ಕಳಿಂದಲೂ ಆಗುವ ಕೆಲಸ.

ಶಂಕರಲಿಂಗನಗುಂಡಿನ ಕಸುಬುದಾರರು ತಮ್ಮ ಹೆಸರನ್ನು ತಾವೇ ಬರೆದುಕೊಂಡರು. ಉಳಿದವರ ಹೆಸರನ್ನು, ಸಿಕ್ಕಷ್ಟನ್ನಾದರೂ, ಅವರು ಕಟ್ಟಿಕೊಟ್ಟ ಗೋಡೆಗಳೊಳಗೆ ಬಾಳಿದವರು ಬರೆಯಬೇಕು.